ಎಡ ತಿರುವಿನ ಹಗ್ಗ

ಫೆಬ್ರುವರಿ 3, ಸೋಮವಾರ. ಬೆಳಿಗ್ಗೆ 6.20

ಅಕ್ಕನ ಮಂಚದಿಂದ ಹಿಂಬಾಗಿಲ ಪಕ್ಕದ ನನ್ನ ಕೋಣೆಯ ಚೌಕಟ್ಟಿನವರೆಗೆ 9.40 ಮೀಟರ್. ಎರಡು ಸಲ ಅಳೆದೆ. ಎರಡನೆಯ ಸಲ 9.41 ಬಂತು. ಟೇಪು ಜೋಲಿತ್ತು. ಮೊದಲನೆಯದನ್ನೇ ಇಟ್ಟುಕೊಂಡಿದ್ದೇನೆ.

ನಿನ್ನೆ ಫಿಸಿಯೋ ಹೇಳಿಹೋದದ್ದು: ಪಾರ್ಶ್ವವಾಯು ಬಡಿದ ಎಡಗಾಲಿಗೆ ಶಕ್ತಿ ತಾನಾಗಿ ಮರಳುವುದಿಲ್ಲ. ದಿನಕ್ಕೆ ಆರು ಸಲವಾದರೂ ನಡೆಯಬೇಕು. ಬಲಗೈಗೆ ಉದ್ದಕ್ಕೂ ಹಿಡಿಯಲು ಏನಾದರೂ ಬೇಕು, ನಡುವೆ ಕೈ ಬಿಡುವಂತಿರಬಾರದು. ಗೋಡೆಗೆ ಸ್ಟೀಲ್ ಪೈಪು ಕೂರಿಸುವುದೆಂದು ತೀರ್ಮಾನಿಸಿ ನಕ್ಷೆ ಬರೆದೆ. ಹೆಂಡತಿ ಹೆಗಲ ಮೇಲಿಂದ ನೋಡಿದಳು.

"ಹೋಗೋವಾಗ ಬಲಗೈಗೆ ಪೈಪು, ಸರಿ. ಬರೋವಾಗ ಏನು ಹಿಡ್ಕೋತಾರೆ, ಗಾಳಿನಾ?"

ಇಪ್ಪತ್ತಾರು ವರ್ಷ ಪರೀಕ್ಷಾಲಯದಲ್ಲಿ ಕೆಲಸ ಮಾಡಿದವನಿಗೆ ಇದು ಹೊಳೆದಿರಲಿಲ್ಲ. ಎದುರು ಗೋಡೆಗೆ ಪೈಪು ಸಾಧ್ಯವಿಲ್ಲ. ಕಪಾಟು, ಎರಡು ಬಾಗಿಲು. ಹಾಗಾದರೆ ಮನೆಯ ನಟ್ಟನಡುವೆ ಒಂದೇ ಹಗ್ಗ, ಬಿಗಿಯಾಗಿ, ಸೊಂಟದ ಎತ್ತರಕ್ಕೆ. ಹೋಗುವಾಗ ಈ ಬದಿ, ಬರುವಾಗ ಆ ಬದಿ. ಎರಡು ಸಲವೂ ಬಲಗೈಗೇ ಸಿಗುತ್ತದೆ. ಜೋಲದಂತೆ ನಡುವೆ ಎರಡು ಕಬ್ಬಿಣದ ಕಂಬ, ಮೇಲೆ ಕವಲು. ಹಗ್ಗ ಕವಲಿನಲ್ಲಿ ಕೂರುತ್ತದೆ, ಕೈ ಅದರ ಮೇಲೆ ಜಾರಿಕೊಂಡು ಹೋಗುತ್ತದೆ. ಬದಿ ಬದಲಿಸುವಾಗ ಹಗ್ಗವನ್ನು ಕವಲಿನಿಂದ ಎತ್ತಿ ತಲೆಯ ಮೇಲಿಂದ ದಾಟಿಸಿದರಾಯಿತು.

"ಒಳ್ಳೇದಾಯ್ತು. ಬಟ್ಟೆನೂ ಒಣಹಾಕ್ಬಹುದು," ಎಂದಳು.

ಫೆಬ್ರುವರಿ 4, ಮಂಗಳವಾರ. ಸಂಜೆ

ನೈಲಾನ್ ಹಗ್ಗ ತಂದೆ. ಅಕ್ಕ ಮಲಗಿದ್ದಲ್ಲಿಂದಲೇ ಬಲಗೈ ಚಾಚಿ ಮುಟ್ಟಿ ನೋಡಿದಳು. ತಕ್ಷಣ ಬಿಟ್ಟಳು.

"ಥೂ, ಹಾವು ಹಿಡಿದ ಹಾಗಿದೆ. ಇದನ್ನ ನಂಬಿ ಹೆಜ್ಜೆ ಇಡ್ಲಾ ನಾನು?"

"ಇದು ಮೂರು ಸಾವಿರ ಕಿಲೋ ತಡೆಯುತ್ತೆ ಅಕ್ಕ."

"ನಾನು ಐವತ್ತೆರಡು ಕಿಲೋ ಇದೀನಿ ಕಣೋ. ತಡೆಯೋದು ಬೇಡ, ಹಿಡಿಸಬೇಕು. ನನ್ನ ಹಗ್ಗ ಕಟ್ಟು. ಮೂಟೆಯಲ್ಲಿ ಒಂದು ಸುರುಳಿ ಇದೆ."

ಜನವರಿಯಲ್ಲಿ ಅವಳ ಮನೆ ಖಾಲಿ ಮಾಡಿದಾಗ ಏಳು ಮೂಟೆ ಬಂದಿದ್ದವು. ಹಿತ್ತಲ ಶೆಡ್ಡಿನಲ್ಲಿ ಇಟ್ಟಿದ್ದೆ, ಬಿಚ್ಚಿರಲಿಲ್ಲ. ಐದನೆಯದರಲ್ಲಿ ಸಿಕ್ಕಿತು. ಕತ್ತಾಳೆ ನಾರಿನ ಹಗ್ಗ, ಮೂರು ಎಳೆ, 18 ಮಿಲಿಮೀಟರ್. ಬಣ್ಣ ಮಾಗಿದೆ, ಒಣ ಜಾಗದಲ್ಲಿದ್ದುದರಿಂದ ನಾರು ಕೆಟ್ಟಿಲ್ಲ. ಉದ್ದ 7.60.

ತುದಿಗೆ ತಗಡಿನ ಚೀಟಿ. ಅದರ ಮೇಲೆ ನನ್ನದೇ ಅಕ್ಷರ. "ತಿರಸ್ಕೃತ. ಕಲಂ 4. ತಿರುವು: ಎಡ." ಕೆಳಗೆ ನನ್ನ ಸಹಿ.

ಮಂಚದ ಬಳಿ ತಂದು ಇಟ್ಟೆ. ಅಕ್ಕ ಚೀಟಿಯನ್ನು ಬೆರಳಿನಿಂದ ತಟ್ಟಿದಳು.

"ಒಳ್ಳೇ ಗಂಟು ಹಾಕಿದ್ದೀಯ. ಎಷ್ಟು ಸಲ ನೋಡಿದ್ರೂ ಬಿಚ್ಚೋಕೇ ಬರ್ಲಿಲ್ಲ."

ನಗುತ್ತಲೇ ಹೇಳಿದಳು. ತಂತಿ ಕತ್ತರಿಸಿ ಚೀಟಿ ತೆಗೆದೆ. ಮೇಜಿನ ಡ್ರಾಯರಿನಲ್ಲಿದೆ.

ಫೆಬ್ರುವರಿ 6, ಗುರುವಾರ. ಬೆಳಿಗ್ಗೆ 5.50

ಲೆಕ್ಕ. ಬೇಕಾದದ್ದು 9.40, ಎರಡು ತುದಿಯ ಕಟ್ಟಿಗೆ 1.00. ಒಟ್ಟು 10.40. ಇರುವುದು 7.60. ಕೊರತೆ 2.80, ಹಳೆಯದಕ್ಕೆ ಹೊಸದನ್ನು ಹೆಣೆದು ಕೂಡಿಸುವ ಬೆಸುಗೆಗೆ 0.60. ಹೊಸದಾಗಿ 3.40 ಮೀಟರ್ ಆಗಬೇಕು. ಮೀಟರಿಗೆ 220 ಗ್ರಾಂ ಹಿಡಿದರೆ ಒಣ ನಾರು 750 ಗ್ರಾಂ. ಎಲೆಯ ತೂಕದ ನೂರಕ್ಕೆ ಮೂರೂವರೆ ಭಾಗ ಮಾತ್ರ ನಾರು, ಉಳಿದದ್ದು ನೀರು ಮತ್ತು ತಿರುಳು. ನಲವತ್ತು ಎಲೆ ಸಾಕು. ಅನನುಭವಕ್ಕೆಂದು ಐದು ಸೇರಿಸಿದ್ದೇನೆ.

ಹಳೆಯ ಹಗ್ಗಕ್ಕೆ ಅರವತ್ತು ಕಿಲೋ ತೂಗಿಬಿಟ್ಟು ಒಂದು ಗಂಟೆ ಇಟ್ಟೆ. ಒಂದು ನಾರೂ ಹರಿಯಲಿಲ್ಲ.

ಹರಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಹಗ್ಗದಿಂದ ಕತ್ತರಿಸಿದ ತುಂಡನ್ನು ಯಂತ್ರಕ್ಕೆ ಹಾಕಿ ಎಳೆದವನು ನಾನು. ಬೇಕಾದದ್ದು 2000 ಕಿಲೋ. ಬಂದದ್ದು 2310. ಆ ವರ್ಷ ನಾನು ಎಳೆದ ಎಲ್ಲಾ ಹಗ್ಗಗಳಲ್ಲಿ ಅದೇ ಹೆಚ್ಚು.

ಫೆಬ್ರುವರಿ 8, ಶನಿವಾರ

ರೈಲು ಹಳಿಯ ಪಕ್ಕದ ಬೇಲಿಯಿಂದ ನಲವತ್ತೈದು ಎಲೆ ಕೊಯ್ದೆ. ಮುಳ್ಳು ಮೊದಲೇ ಸವರಿದೆ. ಕೈಗವಸು ಹಾಕಿದ್ದೆ, ಮೊಣಕೈಯನ್ನು ಮರೆತಿದ್ದೆ. ರಸ ತಗುಲಿದಲ್ಲೆಲ್ಲ ತುರಿಕೆ. ಇದನ್ನು ಬರೆಯುವಾಗಲೂ ತುರಿಸಿಕೊಳ್ಳುತ್ತಿದ್ದೇನೆ.

ಚಾಕು ಮಸೆದು, ಹಲಗೆಯ ಮೇಲೆ ಎಲೆ ಇಟ್ಟು ಕೆರೆದೆ. ನಾರು ಬಂತು, ತುಂಡುತುಂಡಾಗಿ. ಅತಿ ಉದ್ದನೆಯದು ಒಂದು ಗೇಣು. ಆರು ಎಲೆ ಹಾಳು.

ಅಕ್ಕನಿಗೆ ತೋರಿಸಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಜನವರಿಯ ನಂತರ ಹಾಗೆ ನಕ್ಕದ್ದು ಇದೇ ಮೊದಲು.

"ಕೆರೆಯೋದು ನನಗೂ ಬರಲ್ಲ ಕಣೋ. ನನ್ನದು ಸುತ್ತೋ ಕೆಲಸ. ಕೆರೆಯೋದು, ಬಾಚೋದು ಎಲ್ಲಾ ಬಾಚಣಿಗೆಯದು."

"ಅವರು ಈಗ ಎಲ್ಲಿದ್ದಾರೆ?"

"ಎರಡು ಬೀದಿ ಆಚೆ. ಹೋಗು, ಕಲಿಸ್ತಾಳೆ. ನಾನು ಕಳಿಸ್ದೆ ಅಂತ ಮಾತ್ರ ಹೇಳ್ಬೇಡ."

ಬಾಚಣಿಗೆ ಎನ್ನುವುದು ಅಡ್ಡಹೆಸರು. ಅಕ್ಕ ನಡೆಸುತ್ತಿದ್ದ ಹಗ್ಗದ ಶೆಡ್ಡಿನಲ್ಲಿ ಅವಳನ್ನು ಬಿಟ್ಟು ನಾಲ್ಕು ಹೆಂಗಸರಿದ್ದರು. ನಾರು ಬಾಚುತ್ತಿದ್ದವರು ಈಕೆ. ಹತ್ತೊಂಬತ್ತು ವರ್ಷ ಒಂದೇ ಡಬ್ಬಿಯಲ್ಲಿ ಊಟ ಮಾಡಿದ ಗೆಳತಿಯರು. ಈಗ ಮಾತಿಲ್ಲ.

ಫೆಬ್ರುವರಿ 9, ಭಾನುವಾರ. ಮಧ್ಯಾಹ್ನ

ಹೋದೆ. ಅಂಗಳದಲ್ಲಿ ಕುಳಿತು ಪೊರಕೆ ಕಟ್ಟುತ್ತಿದ್ದರು. ತಲೆ ಎತ್ತಿ ನೋಡಿ, ಗುರುತು ಹಿಡಿದು, ತಲೆ ತಗ್ಗಿಸಿದರು.

"ಅಳತೆ ಸಾಹೇಬ್ರು. ಪೊರಕೆಗೂ ಸೀಲು ಒತ್ತೋಕೆ ಬಂದ್ರಾ?"

ಬಂದ ಕಾರಣ ಹೇಳಿದೆ. ಯಾರಿಗಾಗಿ ಹಗ್ಗ ಎಂದು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ನನ್ನ ಚಾಕುವನ್ನು ತೆಗೆದುಕೊಂಡು ಬೆರಳಿನಿಂದ ಅಲಗು ಸವರಿದರು. ಅಂಗಳದ ಕಲ್ಲಿನ ಮೇಲೆ ಎರಡು ಸಲ ಬಡಿದು ಮೊಂಡು ಮಾಡಿ ವಾಪಸು ಕೊಟ್ಟರು.

"ಎಲೆ ಕೆರೀತೀರೋ, ಗಡ್ಡ ಕೆರೀತೀರೋ? ಹರಿತ ಇದ್ರೆ ನಾರೇ ಹೋಗತ್ತೆ. ಮೊಂಡು ಬೇಕು. ತಿರುಳನ್ನ ತಳ್ಳಬೇಕು, ಕತ್ತರಿಸಬಾರದು."

ಹಲಗೆಯನ್ನು ಇಳಿಜಾರಾಗಿ ನಿಲ್ಲಿಸಬೇಕು. ಎಲೆಯ ತಲೆಭಾಗವನ್ನು ಬೆರಳುಗಳಿಗೆ ಸುತ್ತಿ ಹಿಡಿದು, ಮೈಭಾರ ಹಾಕಿ ಒಂದೇ ಎಳೆತಕ್ಕೆ ಕೆಳಕ್ಕೆ. ಹಸಿರು ಲೋಳೆಯಾಗಿ ಇಳಿಯುತ್ತದೆ; ಅದರಡಿಯಿಂದ ಬಿಳಿಯ ನಾರು, ಒದ್ದೆ ಕೂದಲಿನಂತೆ. ಆಮೇಲೆ ತಿರುಗಿಸಿ ಬುಡದ ಭಾಗ. ಅವರು ಒಂದು ಎಲೆಗೆ ತೆಗೆದುಕೊಂಡದ್ದು ಐವತ್ತು ಸೆಕೆಂಡು. ನನಗೆ ಏಳು ನಿಮಿಷ.

"ಪರವಾಗಿಲ್ಲ. ಶನಿವಾರ ಬನ್ನಿ. ಆ ಗಡಿಯಾರ ಮನೆಯಲ್ಲೇ ಬಿಟ್ಟು ಬನ್ನಿ."

ಫೆಬ್ರುವರಿ 16, ಭಾನುವಾರ. ಸಂಜೆ 5.15

ಮೂರು ದಿನ ಅವರ ಅಂಗಳದಲ್ಲಿ. ಮೂವತ್ತೊಂಬತ್ತು ಎಲೆಯೂ ಮುಗಿದವು. ತೊಳೆದು, ತಂತಿಗೆ ಹರವಿ ಒಣಗಿಸಿ, ಇಂದು ಮೊಳೆಹಲಗೆಯ ಮೇಲೆ ಬಾಚಿದೆವು. ಸಿಕ್ಕು ಬಿಡಿಸುವಾಗ ಅವರ ಕೈ ಒಂದು ಕ್ಷಣವೂ ಎಳೆಯುವುದಿಲ್ಲ. ನಾರೇ ತಾನಾಗಿ ಮೊಳೆಗಳ ನಡುವಿನಿಂದ ನಡೆದು ಬರುತ್ತದೆ. ಕೂಡಿದ ತೂಕ 710 ಗ್ರಾಂ. ನನ್ನ ಲೆಕ್ಕಕ್ಕೆ ಸಮೀಪ. ಎಲ್ಲಿಯೋ ಸಣ್ಣ ಸಂತೋಷವಾಯಿತು.

ಆಗಲೇ ಅವರು ಮಾತು ತೆಗೆದದ್ದು. ಬಾಚುತ್ತಲೇ, ನನ್ನನ್ನು ನೋಡದೆ.

"ನಿಮ್ಮಕ್ಕಂಗೆ ಎಡಗೈ ಬಿದ್ದು ಹೋಯ್ತಂತೆ."

"ಹೌದು."

"ಆ ಎಡಗೈಯೇ ನಮ್ಮೆಲ್ಲರನ್ನೂ ಮುಳುಗಿಸಿದ್ದು. ಹನ್ನೊಂದು ವಾರ ಕೆರೆದಿದ್ದೀವಿ ಸಾಹೇಬ್ರೇ. ಈ ಬೆರಳಿನ ಚರ್ಮ ಎರಡು ಸಲ ಹೋಗಿ ಬಂದಿದೆ. ಗಾಡಿ ತುಂಬ ಹಗ್ಗ ಹೋಯ್ತು, ಗಾಡಿ ತುಂಬ ವಾಪಸ್ ಬಂತು. ಒಂದೇ ಒಂದು ಕಾರಣ — ಎಡಕ್ಕೆ ಸುತ್ತಿದೆ. ನಾನು ಮೊದಲೇ ಬಡ್ಕೊಂಡಿದ್ದೆ, ಆ ಆರ್ಡರಿನ ಇಂಗ್ಲಿಷ್ ಕಾಗದ ಯಾರ ಹತ್ರಾನಾದ್ರೂ ಓದ್ಸು ಅಂತ. ನಿಮ್ಮಕ್ಕ ಏನಂದಳು ಗೊತ್ತಾ?"

ಗೊತ್ತಿಲ್ಲ ಎಂದೆ.

"'ನನ್ನ ತಮ್ಮ ಅಲ್ಲೇ ಇದ್ದಾನಲ್ಲ. ತಪ್ಪಿದ್ರೆ ಅವನೇ ಹೇಳ್ತಿದ್ದ' ಅಂದಳು. ಅಷ್ಟು ಸೊಕ್ಕು. ಆಮೇಲೆ ಶೆಡ್ಡು ಮುಚ್ಚಿತು. ನಾನು ಅವಳ ಮುಖ ನೋಡಿಲ್ಲ."

ನಾನು ನಾರಿನ ಕಟ್ಟು ಕಟ್ಟಿದೆ. ಧನ್ಯವಾದ ಹೇಳಿ ಬಂದೆ.

ಫೆಬ್ರುವರಿ 17, ಸೋಮವಾರ. ಬೆಳಿಗ್ಗೆ 5.30

ಹಳೆಯ ದಿನಚರಿ ತೆಗೆದೆ. ನವೆಂಬರ್ 12. ಅಕ್ಷರ ಆಗ ಇನ್ನೂ ಚಿಕ್ಕದಾಗಿತ್ತು. ಇದ್ದದ್ದು ಇದ್ದ ಹಾಗೆ:

"ಹಗ್ಗದ ಖರೀದಿಯ ಷರತ್ತು ಪತ್ರ ಪರೀಕ್ಷಾಲಯಕ್ಕೆ ಬಂತು. ಕಲಂ 4: ತಿರುವು ಬಲವೇ ಆಗಿರತಕ್ಕದ್ದು. ಅಕ್ಕ ಎಡಚಿ, ಅವಳ ಹಗ್ಗವೆಲ್ಲ ಎಡ ತಿರುವು. ಸಂಜೆ ಅವಳು ಮನೆಗೆ ಬಂದಾಗ 'ಎಲ್ಲಾ ಸರಿ ಇದ್ಯೇನೋ ತಮ್ಮ?' ಎಂದು ಕೇಳಿದಳು. 'ಅದನ್ನ ನಾನು ಹೇಳೋ ಹಾಗಿಲ್ಲ ಅಕ್ಕ' ಎಂದೆ. ಪರೀಕ್ಷಕನಾದವನು ಒಬ್ಬರಿಗೆ ಹೇಳುವುದು ಸರಿಯಲ್ಲ. ನಾಳೆ ಯೋಚಿಸುವುದು."

ನವೆಂಬರ್ 13ರಲ್ಲಿ ಯಂತ್ರದ ಎಣ್ಣೆ ಬದಲಿಸಿದ್ದರ ಬಗ್ಗೆ ಇದೆ. 14ರಲ್ಲಿ ನೆಗಡಿ. ಜನವರಿ 28ರವರೆಗೆ ಈ ವಿಷಯ ಮತ್ತೆ ಎಲ್ಲಿಯೂ ಇಲ್ಲ. 28ರಂದು: "ಒಟ್ಟು 64 ಸುರುಳಿ. ಬಲ ಸಾಕಷ್ಟು. ತಿರುವು ವಿರುದ್ಧ. ತಿರಸ್ಕರಿಸಿದೆ."

ಕಲಂ 4ಕ್ಕೆ ಕಾರಣವಿತ್ತು. ಹಗ್ಗ ಕೊಳ್ಳುವ ಇಲಾಖೆಯ ಗೋದಾಮಿನಲ್ಲಿದ್ದ ಹಗ್ಗಗಳೆಲ್ಲ ಬಲ ತಿರುವಿನವು. ಬಲಕ್ಕೆ ಎಡವನ್ನು ಬೆಸೆದು ಭಾರ ಹಾಕಿದರೆ ಒಂದನ್ನೊಂದು ಬಿಚ್ಚುತ್ತ ಹೋಗುತ್ತವೆ. ಎರಡೂ ಗಟ್ಟಿಯಾಗಿದ್ದರೂ ಬೆಸುಗೆ ನಿಲ್ಲುವುದಿಲ್ಲ. ತಿರಸ್ಕರಿಸಿದ್ದು ತಪ್ಪಲ್ಲ. ಅಂದೂ ಅಲ್ಲ, ಇಂದೂ ಅಲ್ಲ.

ತಪ್ಪು ನವೆಂಬರ್ 12ರದು.

ಫೆಬ್ರುವರಿ 18, ಮಂಗಳವಾರ

ಕಚೇರಿಯಲ್ಲಿ ಆ ಕಾಲದ ನಿಯಮಾವಳಿ ಹುಡುಕಿದೆ. ದೂಳು ಹಿಡಿದಿತ್ತು. ಪುಟ 31: "ಸರಬರಾಜುದಾರರು ಕೇಳಿದಲ್ಲಿ ಷರತ್ತುಗಳನ್ನು ಅವರ ಭಾಷೆಯಲ್ಲಿ ವಿವರಿಸತಕ್ಕದ್ದು."

ವಿವರಿಸಬಹುದು ಎಂದಲ್ಲ. ತಕ್ಕದ್ದು.

ಅವಳು ಕೇಳಿದ್ದಳು.

ಅಂದು ನಾನು ಅದನ್ನು ನಿಯಮ ಎಂದು ಬರೆದುಕೊಂಡೆ. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಅಕ್ಕನಿಗೆ ಹೇಳಿಕೊಟ್ಟ ಎಂದು ಯಾರಾದರೂ ಬೆರಳು ತೋರಿಸಿಯಾರೆಂಬ ಭಯ. ಭಯ ಎಂದು ಬರೆಯಲು ನನಗೆ ಇಪ್ಪತ್ತೆರಡು ವರ್ಷ ಹಿಡಿಯಿತು.

ಮಾರ್ಚ್ 1, ಶನಿವಾರ. ಸಂಜೆ

ಹಗ್ಗ ಮುಗಿಯಿತು. ಹನ್ನೊಂದು ಸಂಜೆ. ನಾರನ್ನು ಹುರಿ ಮಾಡಿ, ಹುರಿಗಳನ್ನು ಎಳೆ ಮಾಡಿ, ಮೂರು ಎಳೆಗಳನ್ನು ಕೊಕ್ಕೆಗೆ ಸಿಕ್ಕಿಸಿ ಹಿಡಿ ತಿರುಗಿಸಿ ಸುತ್ತಿದೆ. ಅಕ್ಕನ ಹಳೆಯ ಹಿಡಿಯೇ, ಮೂರನೆಯ ಮೂಟೆಯಲ್ಲಿತ್ತು. ದಪ್ಪ 18, ಎಲ್ಲಿಯೂ ಅರ್ಧ ಮಿಲಿಮೀಟರಿಗಿಂತ ವ್ಯತ್ಯಾಸವಿಲ್ಲ. ಚೆನ್ನಾಗಿದೆ ಎಂದು ನನಗೇ ಅನ್ನಿಸಿತು. ಮಂಚದ ಬಳಿ ಒಯ್ದು ಅವಳ ಹಗ್ಗದ ಪಕ್ಕದಲ್ಲಿ ಇಟ್ಟೆ.

ಇಟ್ಟ ಮೇಲೆ ಕಂಡಿತು.

ಅಕ್ಕನೂ ನೋಡಿದಳು. ಹೊಸದರ ಮೇಲೆ ಹೆಬ್ಬೆರಳು ಆಡಿಸಿದಳು. ಬಲ ತಿರುವು. ಗೀಟು ಎಳೆದಷ್ಟು ಅಚ್ಚುಕಟ್ಟಾದ ಬಲ ತಿರುವು.

"ಇದನ್ನ ನಿನ್ನ ಆಫೀಸಿಗೆ ಕೊಡು," ಎಂದಳು. "ಪಾಸಾಗತ್ತೆ."

ಹೆಂಡತಿ ಒಳಗಿನಿಂದ ನಕ್ಕಳು. ನಾನೂ ನಗಬೇಕಿತ್ತು.

ಈ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಊರಿನಲ್ಲಿ ಇನ್ನೊಬ್ಬರಿರಲಾರರು. ಆದರೂ ನನ್ನ ಕೈ ತನಗೆ ಬಂದ ದಿಕ್ಕಿಗೇ ತಿರುಗಿದೆ. ಒಂದು ಸಲವೂ ನಾನು ಅದನ್ನು ಕೇಳಲಿಲ್ಲ.

ಮಾರ್ಚ್ 2, ಭಾನುವಾರ. ಬೆಳಿಗ್ಗೆ 10.00

ಬಿಚ್ಚಿ ಮರಳಿ ಸುತ್ತಲು ನೋಡಿದೆ. ನಾರು ಬಲಕ್ಕೆ ಒಗ್ಗಿಹೋಗಿದೆ, ಎಡಕ್ಕೆ ಸುತ್ತಿದರೆ ಗಂಟುಗಂಟಾಗುತ್ತದೆ. ಹೊಸ ನಾರು ಬೇಕು. ಮತ್ತೆ ಹಳಿಯ ಬೇಲಿ, ಮತ್ತೆ ನಲವತ್ತು ಎಲೆ. ಈ ಸಲ ನನ್ನ ಹಿತ್ತಲಲ್ಲೇ ಕೆರೆಯುವೆ. ಆ ಅಂಗಳಕ್ಕೆ ಹೋಗಲು ಕಾಲು ಬರಲಿಲ್ಲ.

ಉಳಿದ ಮೂಟೆಗಳಲ್ಲಿ ಹಳೆಯ ನಾರು ಇದೆಯೇ ಎಂದು ನೋಡಿದೆ. ಇರಲಿಲ್ಲ. ಏಳನೆಯದರ ತಳದಲ್ಲಿ ಬಟ್ಟೆಯಲ್ಲಿ ಸುತ್ತಿದ ಹನ್ನೊಂದು ತುಂಡು ಹಗ್ಗ ಸಿಕ್ಕವು. ಒಂದೊಂದು ಎರಡು ಮೊಳ. ಎಲ್ಲವೂ ಬಲ ತಿರುವು. ಮೊದಲಿನವು ನೋಡುವ ಹಾಗಿಲ್ಲ. ಉಬ್ಬು, ಸಡಿಲು, ಒಂದೆಡೆ ಎಳೆ ಹಾರಿದೆ. ಯಾರೋ ಹೊಸಬರು ಕಲಿಯುತ್ತಿದ್ದ ಕೈ. ಕೊನೆಯ ತುಂಡು ಮಾತ್ರ ನಿರ್ದೋಷ. ಯಂತ್ರಕ್ಕೆ ಹಾಕಿದರೂ ತೇರ್ಗಡೆಯಾದೀತು.

ಉಪಯೋಗಕ್ಕಿಲ್ಲ. ವಾಪಸು ಇಟ್ಟೆ.

ಮಾರ್ಚ್ 8, ಶನಿವಾರ. ಸಂಜೆ 6.30

ನಾರು ಸಿದ್ಧ. ಕೈ ಸಿದ್ಧವಿಲ್ಲ. ಹಿಡಿಯನ್ನು ಎಡಕ್ಕೆ ತಿರುಗಿಸಲು ಹೋದರೆ ಹತ್ತು ಸುತ್ತಿಗೊಮ್ಮೆ ಬಲಕ್ಕೆ ಹೊರಳುತ್ತದೆ. ಎಳೆಗಳನ್ನು ಹಿಡಿದ ಬೆರಳುಗಳು ಇನ್ನೂ ದಡ್ಡ. ಅಕ್ಕ ಎರಡು ದಿನ ಸುಮ್ಮನೆ ನೋಡಿದಳು. ಇಂದು ಸಾಕಾಯಿತೆಂದು ಕಾಣುತ್ತದೆ.

"ಆ ಬೀರುವಿನ ಕನ್ನಡಿ ಇಲ್ಲಿ ತಿರುಗಿಸು. ನನ್ನನ್ನ ಕೂರಿಸು. ಮೂಟೆಯಲ್ಲಿರೋ ಇನ್ನೊಂದು ಹಿಡಿ ನನ್ನ ಕೈಗೆ ಕೊಡು."

ಬಲಗೈಯಿಂದ ಹಿಡಿ ತಿರುಗಿಸಿದಳು, ನಿಧಾನವಾಗಿ, ಸರಿಯಾಗಿ ಬಲಕ್ಕೆ.

"ನನ್ನ ಕೈ ನೋಡ್ಬೇಡ. ಕನ್ನಡಿಯಲ್ಲಿರೋ ಕೈ ನೋಡು. ಅದು ಮಾಡಿದ ಹಾಗೆ ಮಾಡು."

ಕನ್ನಡಿಯಲ್ಲಿ ಅದು ಎಡಗೈಯಾಗಿತ್ತು. ಎಡಗೈ ಎಡಕ್ಕೆ ಸುತ್ತುತ್ತಿತ್ತು, ನನ್ನ ಬಾಲ್ಯದುದ್ದಕ್ಕೂ ನಾನು ನೋಡಿದ ಹಾಗೆಯೇ. ಅದನ್ನೇ ನೋಡುತ್ತ ನನ್ನ ಹಿಡಿಯ ಮೇಲೆ ಎಡಗೈಯನ್ನು ಆಡಿಸಿದೆ. ಹದಿನೈದು ನಿಮಿಷಕ್ಕೆ ಹಿಡಿತ ಸಿಕ್ಕಿತು. ಅಕ್ಕ ನನ್ನ ಕೆಲಸ ನೋಡುತ್ತಿರಲಿಲ್ಲ. ಅವಳೂ ಕನ್ನಡಿಯನ್ನೇ ನೋಡುತ್ತಿದ್ದಳು, ಆ ಕೈಯನ್ನು.

"ನಾನೂ ಹೀಗೇ ಕಲಿತಿದ್ದು," ಎಂದಳು.

"ಏನನ್ನ?"

"ಬಲಕ್ಕೆ ಸುತ್ತೋದನ್ನ."

"ಯಾವಾಗ?"

"ಆಮೇಲೆ."

ಹಿಡಿ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ತಿರುಗಿತು.

"ವರ್ಷಾನೇ ಹಿಡೀತು. ಕೊನೆಗೆ ಬಂತು. ಬಂದಾಗ ಯಾರಿಗೂ ಬೇಕಿರ್ಲಿಲ್ಲ, ಶೆಡ್ಡೂ ಇರ್ಲಿಲ್ಲ. ನಿನಗೆ ತಂದು ತೋರಿಸೋಣ ಅನ್ಕೊಂಡೆ ಒಂದ್ಸಲ. ಏನು ತೋರಿಸೋದು ಅಂತ ಬಿಟ್ಟೆ. ಸುತ್ತು ಸುತ್ತು, ನಿಲ್ಲಿಸ್ಬೇಡ, ಎಳೆ ಸಡಿಲ ಆಗತ್ತೆ."

ಹನ್ನೊಂದು ತುಂಡು.

ಆಗಲೇ ಹೇಳಬೇಕಾಗಿತ್ತು. ಬಾಯಿ ತೆರೆದದ್ದು ನೆನಪಿದೆ. "ಅಕ್ಕ, ಭುಜ ನೋಯ್ತಿದ್ಯಾ?" ಎಂದು ಕೇಳಿದೆ.

ಮಾರ್ಚ್ 9

ಹೇಳಲಿಲ್ಲ.

ಮಾರ್ಚ್ 12, ಬುಧವಾರ

ಫಿಸಿಯೋ ಬಂದಿದ್ದಾಗ ಬಾಗಿಲ ಹೊರಗೆ ಕೇಳಿದೆ. ಇಂಥದು ಮತ್ತೊಮ್ಮೆ ಬರುವ ಸಂಭವ ಎಷ್ಟು? ಮೊದಲ ವರ್ಷ ಎಚ್ಚರವಾಗಿರಬೇಕು ಎಂದಳು. ಸಂಖ್ಯೆ ಕೇಳಿದೆ. "ಸಂಖ್ಯೆ ತಗೊಂಡು ಏನ್ಮಾಡ್ತೀರಿ ಸರ್? ಅವರನ್ನ ಮಾತಾಡಿಸ್ತಾ ಇರಿ," ಎಂದಳು.

ಇಂದೂ ಹೇಳಲಿಲ್ಲ. ಹಗ್ಗ ಎರಡು ಮೀಟರ್ ಆಗಿದೆ.

ಮಾರ್ಚ್ 15, ಶನಿವಾರ. ಮಧ್ಯಾಹ್ನ 3.40

3.40 ಮೀಟರ್, ಎಡ ತಿರುವು. ನನ್ನ ಮೊದಲನೆಯದರಷ್ಟು ಚಂದವಿಲ್ಲ. ದಪ್ಪ 17ರಿಂದ 19.5ರವರೆಗೆ ಓಲಾಡುತ್ತದೆ. ಎರಡೂ ಹಗ್ಗಗಳ ತುದಿಯ ಎಳೆಗಳನ್ನು ಬಿಚ್ಚಿ, ಒಂದರೊಳಗೊಂದು ತೂರಿಸಿ ಹೆಣೆದೆ. ತೂಗಿಬಿಟ್ಟು ನೋಡಿದೆ. ಬೆಸುಗೆ ತಿರುಗಲಿಲ್ಲ, ಬಾಯಿ ಬಿಡಲಿಲ್ಲ. ಹಳೆಯದು ಜೇನಿನ ಬಣ್ಣ, ಹೊಸದು ಬಿಳಿ.

ಕಂಬ ನೆಟ್ಟು ಕಟ್ಟಿದೆ. ಒಂದು ತುದಿ ಅಕ್ಕನ ಮಂಚದ ಬಳಿಯ ಗೋಡೆಗೆ ಕೂರಿಸಿದ ಕಬ್ಬಿಣದ ಬಳೆಗೆ. ಇನ್ನೊಂದು ನನ್ನ ಕೋಣೆಯ ಚೌಕಟ್ಟಿಗೆ, ನನ್ನ ಮೇಜಿನಿಂದ ಕೈಯಳತೆಯಲ್ಲಿ.

ಅಕ್ಕ ಎದ್ದು ನಿಂತಳು. ಹೆಂಡತಿ ಎಡಬದಿಗೆ, ಮುಟ್ಟದೆ. ನಾಲ್ಕು ಹೆಜ್ಜೆ ಹೋಗಿ ನಾಲ್ಕು ಹೆಜ್ಜೆ ಬಂದಳು. ಬೆವರಿದ್ದಳು.

"ಹಿಡಿಸತ್ತೆ," ಎಂದಳು. ಅಷ್ಟೇ.

ಮಾರ್ಚ್ 16, ಭಾನುವಾರ. ಬೆಳಿಗ್ಗೆ 11.20

ಹೇಳಿದೆ.

ಅಕ್ಕ ಬೆಸುಗೆಯವರೆಗೆ ನಡೆದು ಬಂದು ನಿಂತಿದ್ದಳು, ಉಸಿರು ಸುಧಾರಿಸಿಕೊಳ್ಳಲು. ನಾನು ಎದುರಿಗಿದ್ದೆ. ಹಳೆಯ ದಿನಚರಿಯನ್ನು ತಂದಿದ್ದೆ; ನನ್ನ ಮಾತಿನ ಮೇಲೆ ನನಗೆ ನಂಬಿಕೆ ಇರಲಿಲ್ಲ. ನವೆಂಬರ್ 12 ಓದಿದೆ. ನಿಯಮದ ಪುಟ 31 ಹೇಳಿದೆ. "ನನಗೆ ಗೊತ್ತಿತ್ತು ಅಕ್ಕ. ಹನ್ನೊಂದು ವಾರ ಮೊದಲೇ ಗೊತ್ತಿತ್ತು. ನೀನು ಕೇಳಿದ ದಿನಾನೇ ಗೊತ್ತಿತ್ತು."

ಅಕ್ಕ ಹೆಬ್ಬೆರಳಿನಿಂದ ಬೆಸುಗೆಯನ್ನು ಒತ್ತಿ ಒತ್ತಿ ನೋಡುತ್ತಿದ್ದಳು.

"'ಹೇಳೋ ಹಾಗಿಲ್ಲ' ಅಂದೆಯಲ್ಲ ನೀನು. ಎಲ್ಲಾ ಸರಿ ಇದೆ, ಬಾಯಿಬಿಟ್ಟು ಹೇಳೋ ಹಾಗಿಲ್ಲ ಅಷ್ಟೇ ಅಂತ ತಿಳ್ಕೊಂಡೆ ನಾನು. ಮನೆಗೆ ಹೋಗೋವರೆಗೂ ನಗ್ತಾ ಹೋದೆ. ನನ್ನ ತಮ್ಮ ಎಷ್ಟು ಶಿಸ್ತು ಅಂತ."

"ಅಕ್ಕ..."

"ಇರು. ಇಷ್ಟು ವರ್ಷ ನಾನು ಏನಂದ್ಕೊಂಡಿದ್ದೆ ಗೊತ್ತಾ? ಸಾಮಾನು ಬಂದ ಮೇಲೇ ನೀನೂ ಆ ಷರತ್ತು ನೋಡಿದ್ದು ಅಂತ. ನಿನಗೂ ಅವತ್ತೇ ಎದೆ ಒಡೆದಿರತ್ತೆ ಅಂತ. ಅದಕ್ಕೇ ನಿನ್ನ ಮುಂದೆ ಆ ಮಾತು ಎತ್ತಲಿಲ್ಲ. ನಿನಗೆ ನೋವಾಗತ್ತೆ ಅಂತ."

ನಾನು ಸ್ಟೂಲಿನ ಮೇಲೆ ಕುಳಿತೆ. ಪಾರ್ಶ್ವವಾಯು ಬಡಿದವಳು ನಿಂತೇ ಇದ್ದಳು.

"ನನಗೆ ಹೇಳಿ ಏನು ಬಂತು? ನಾನು ನಿನ್ನ ಅಕ್ಕ. ಬಯ್ತೀನಿ, ಆಮೇಲೆ ಅನ್ನ ತಿಂದ್ಯಾ ಅಂತ ಕೇಳ್ತೀನಿ. ಬಾಚಣಿಗೆ ಇದಾಳಲ್ಲ, ಅವಳಿಗೆ ಹೋಗಿ ಹೇಳು. ನನ್ನ ಕೈ ಅಲ್ಲ ಅವಳನ್ನ ಮುಳುಗಿಸಿದ್ದು ಅಂತ ಹೇಳು. ಹತ್ತೊಂಬತ್ತು ವರ್ಷ ಒಟ್ಟಿಗೆ ಇದ್ವಿ. ನಿಮ್ಮ ಭಾವ ತೀರ್ಕೊಂಡಾಗಲೂ ಬರಲಿಲ್ಲ ಅವಳು. ಬಾಗಿಲ ಕಡೆ ನೋಡ್ತಾನೇ ಇದ್ದೆ ನಾನು."

ಅವಳು ತಿರುಗಿ, ಆ ಬದಿಯಿಂದ ಹಗ್ಗ ಹಿಡಿದು, ಮಂಚಕ್ಕೆ ನಡೆದಳು. ಹೋಗುತ್ತ ಹೇಳಿದಳು:

"ಬೆಸುಗೆಯಲ್ಲಿ ಒಂದು ಎಳೆ ಸಡಿಲ ಇದೆ. ನೋಡ್ಕೋ."

ಮಾರ್ಚ್ 16. ಸಂಜೆ 5.00

ಹೋಗಿ ಬಂದೆ. ಅಂಗಳದಲ್ಲಿ ನಿಂತೇ ಹೇಳಿದೆ. ಓದಲಿಲ್ಲ, ಪುಸ್ತಕ ಮನೆಯಲ್ಲೇ ಬಿಟ್ಟು ಹೋಗಿದ್ದೆ. ಆಕೆ ಪೊರಕೆಯ ಕಡ್ಡಿಗಳನ್ನು ಸಮ ಮಾಡುತ್ತಿದ್ದರು. ನಾನು ಮುಗಿಸುವವರೆಗೂ ಸಮ ಮಾಡಿದರು. ಮುಗಿಸಿದ ಮೇಲೂ.

"ನನ್ನ ಅಂಗಳದಲ್ಲಿ ಮೂರು ದಿನ ಕೂತಿದ್ರಲ್ಲ," ಎಂದರು ಕೊನೆಗೆ. "ನಾನು ಅವಳನ್ನ ಬಯ್ತಾ ಇದ್ದೆ. ನೀವು ನಾರು ಕಟ್ತಾ ಇದ್ರಿ."

"ಹೌದು."

"ಅವತ್ತೂ ಹೇಳ್ಲಿಲ್ಲ."

"ಇಲ್ಲ."

"ಹೋಗಿ ಸಾಹೇಬ್ರೇ. ಚಪ್ಪಲಿ ಹಾಕ್ಕೊಂಡು ಹೋಗಿ, ಬಿಸಿಲಿದೆ."

ಚಪ್ಪಲಿ ಹಾಕಿಕೊಂಡಿದ್ದೇ ನೆನಪಿಲ್ಲ. ಸಡಿಲವಿದ್ದ ಎಳೆ ಬಿಗಿ ಮಾಡಿದೆ. ಒಂದೇ ಎಳೆ. ಅಕ್ಕನ ಬೆರಳಿಗೆ ಸಿಕ್ಕದ್ದು ನನ್ನ ಕಣ್ಣಿಗೆ ಕಂಡಿರಲಿಲ್ಲ.

ಮಾರ್ಚ್ 23, ಭಾನುವಾರ

ಅಕ್ಕ ದಿನಕ್ಕೆ ಎಂಟು ಸಲ ನಡೆಯುತ್ತಾಳೆ. ಹೆಂಡತಿಯೊಂದಿಗೆ ಮಾತು, ನಗು. ನನ್ನೊಂದಿಗೆ ಬೇಕಾದಷ್ಟೇ: ನೀರು ಕೊಡು, ಕಿಟಕಿ ತೆಗೆ. ಅನ್ನ ತಿಂದ್ಯಾ ಎಂದು ಕೇಳಿಲ್ಲ. ಏಳು ದಿನವಾಯಿತು.

ಯಾರೂ ಬರಲಿಲ್ಲ.

ಏಪ್ರಿಲ್ 6, ಭಾನುವಾರ. ಬೆಳಿಗ್ಗೆ 10.45

ಹಗ್ಗದ ತುದಿ ನನ್ನ ಚೌಕಟ್ಟಿಗೆ ಇರುವುದರಿಂದ, ಮೇಜಿನ ಮುಂದೆ ಕುಳಿತಲ್ಲಿಯೇ ಅವಳ ನಡಿಗೆ ತಿಳಿಯುತ್ತದೆ. ಎಡಗೈಯನ್ನು ಹಗ್ಗದ ಮೇಲಿಟ್ಟು ಬಲಗೈಯಿಂದ ಬರೆಯುವ ಅಭ್ಯಾಸವಾಗಿಬಿಟ್ಟಿದೆ. ಒಂದು ಎಳೆತ, ಎಣಿಸಿದರೆ ಮೂರು, ಮತ್ತೆ ಒಂದು ಎಳೆತ. ಮೊದಲ ವಾರ ಎಣಿಕೆ ಐದಿತ್ತು. ಬೆಸುಗೆ ದಾಟುವಾಗ ಸ್ವಲ್ಪ ನಿಲ್ಲುತ್ತದೆ. ಹೆಬ್ಬೆರಳು ಅಲ್ಲಿ ಒತ್ತಿ ನೋಡುವುದು ಗೊತ್ತಾಗುತ್ತದೆ. ಇದುವರೆಗೆ ನನ್ನ ಕೋಣೆಯವರೆಗೆ ಬಂದಿಲ್ಲ. ಎರಡನೆಯ ಕಂಬದಿಂದಲೇ ತಿರುಗುತ್ತಾಳೆ.

ಹೆಂಡತಿ ಪೇಟೆಗೆ ಹೋಗಿದ್ದಾಳೆ. ಸ್ವಲ್ಪ ಹೊತ್ತಿನ ಹಿಂದೆ ಮುಂಬಾಗಿಲ ಸದ್ದಾಯಿತು. ಬೇಗ ಬಂದಳೇ ಎಂದುಕೊಂಡೆ. ಮಾತೇನೂ ಕೇಳಲಿಲ್ಲ. ಮುಂದಿನ ಕೋಣೆಯಲ್ಲಿ ಕುರ್ಚಿ ಎಳೆದದ್ದು ಕೇಳಿತು. ಆಮೇಲೆ ಯಾರೋ ಮೂಗು ಸೀಟಿದ ಸದ್ದು.

ಈಗ ಹಗ್ಗ ಅಲುಗುತ್ತಿದೆ. ಒಂದು ಎಳೆತ, ಮೂರು. ಅದರ ನಡುವೆ ಇನ್ನೊಂದು, ಹಗುರ, ಬೇಗ ಬೇಗ. ಎರಡು ಕೈ. ಹಗುರವಾದದ್ದು ಎಳೆಯುತ್ತಿಲ್ಲ, ಸವರುತ್ತ ಬರುತ್ತಿದೆ — ನಾರಿನ ಸಿಕ್ಕು ನೋಡುವವರ ಹಾಗೆ.

ಮೊದಲ ಕಂಬ ದಾಟಿತು.

ಬೆಸುಗೆಯ ಬಳಿ ನಿಂತಿದ್ದಾರೆ. ಧ್ವನಿ ಸ್ಪಷ್ಟ.

"ಇದು ಯಾರು ಬಾಚಿದ್ದು? ಅರ್ಧ ಸಿಕ್ಕು ಹಾಗೇ ಇದೆ."

"ಇನ್ಯಾರು."

"ಎಲ್ಲಿ ಅವರು? ಅಳತೆ ಸಾಹೇಬ್ರು?"

"ಒಳಗೆ ಬರೀತಾ ಕೂತಿರ್ತಾನೆ. ಬರೆಯೋಕೆ ಮಾತ್ರ ಚೆನ್ನಾಗಿ ಬರತ್ತೆ ಅವನಿಗೆ."

ಎರಡನೆಯ ಕಂಬ. ತಿರುಗಲಿಲ್ಲ. ಎಳೆತ, ಮೂರು. ಎಳೆತ. ಬಾಗಿಲು ಅರ್ಧ ಮುಚ್ಚಿದೆ, ಅಕ್ಕನ ಎಡಗೈಗೆ ಅದನ್ನು ತಳ್ಳಲು ಆಗುವುದಿಲ್ಲ, ನಾನೇ ಎದ್ದು...